ರೇಟು ಮೊಬೈಲ್‌ಗೆ ಬಂತು, ಚೌಕಾಸಿ ಎಲ್ಲಿ ಹೋಯ್ತು?

ದನದ ಜಾತ್ರೆಯಲ್ಲಿ ಟವೆಲ್ ಮುಚ್ಚಿ ಬೆರಳು ಹಿಡಿದು ವ್ಯಾಪಾರ ಮಾಡೋದನ್ನ ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ. ಪಕ್ಕದಲ್ಲಿ ನಿಂತವನಿಗೂ ರೇಟು ಗೊತ್ತಾಗಲ್ಲ. ಆದ್ರೆ ಮಾರುವವನ ಕೈಯೂ ಆ ಟವೆಲ್ ಒಳಗೇ ಇರುತ್ತೆ, ಬೆರಳು ಒತ್ತಿ ಇನ್ನಷ್ಟು ಕೇಳಬಹುದು. ಎಪಿಎಂಸಿಯ ಇ-ಟೆಂಡರ್‌ನಲ್ಲೂ ದರ ಗುಟ್ಟೇ. ವರ್ತಕರು ಒಬ್ಬರ ದರ ಇನ್ನೊಬ್ಬರಿಗೆ ಕಾಣದಂತೆ ಹಾಕ್ತಾರೆ. ರೈತನ ಕೈ ಮಾತ್ರ ಒಳಗಿಲ್ಲ.

‘ಹಂಗಾದ್ರೆ ನಮ್ಮ ಚೌಕಾಸಿ ಎಲ್ಲಿ ಸಾರ್?’ ಅಂತ ಚಂದ್ರವಳ್ಳಿ ಸುತ್ತಮುತ್ತಲಿನ ಹುಡುಗರು ನನ್ನ ಕೇಳ್ತಾನೇ ಇರ್ತಾರೆ. ಇದಕ್ಕೆ ಉತ್ತರ ನಮ್ಮ ರಾಜ್ಯದ ಮೇಲೇ ನಡೆದ ಸಂಶೋಧನೆಯಲ್ಲಿದೆ.

ಕರ್ನಾಟಕದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾಗಿದ್ದು 2014ರಲ್ಲಿ. ಕೇಂದ್ರದ ಇ-ನಾಮ್ ಬಂದಿದ್ದು 2016ರಲ್ಲಿ, ಅಂದ್ರೆ ನಮ್ಮದೇ ಮೊದಲು. ಬೇರೆ ಊರಿನ ವರ್ತಕರೂ ಕೂತಲ್ಲಿಂದಲೇ ನಮ್ಮ ಲಾಟ್‌ಗೆ ದರ ಹಾಕಲಿ, ಪೈಪೋಟಿ ಹೆಚ್ಚಲಿ ಅನ್ನೋದು ಇದರ ಉದ್ದೇಶ. ಅಮೆರಿಕದ ಎಂಐಟಿಯ ಸಂಶೋಧಕರು ಇಲ್ಲಿನ ಅಧಿಕಾರಿಗಳ ಜೊತೆ ಸೇರಿ ಇದರ ಪರಿಣಾಮ ಅಳೆದು 2020ರಲ್ಲಿ ಪ್ರಕಟಿಸಿದರು. ಭತ್ತದ ದರ ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5 ಏರಿತ್ತು. ಹತ್ತಿ, ತೊಗರಿ, ಹೆಸರುಕಾಳಿನಲ್ಲಿ ಮಾತ್ರ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಶೇ 3.6 ಅಂದ್ರೆ ಇಷ್ಟೇನಾ ಅನ್ನಬೇಡಿ. ಒಂದು ಲೆಕ್ಕ ಹಾಕೋಣ. ಕ್ವಿಂಟಲ್‌ಗೆ ದರ 5,000 ರೂಪಾಯಿ, ನಿಮ್ಮ ಖರ್ಚು 4,700, ಉಳಿಯೋದು 300. ದರ ಶೇ 3.6 ಏರಿದ್ರೆ 180 ರೂಪಾಯಿ ಹೆಚ್ಚು, ಉಳಿಕೆ 480 ಆಯ್ತು. ದರ ಸ್ವಲ್ಪ ಏರಿದ್ರೂ ಲಾಭ ಶೇ 60ರಷ್ಟು ಏರುತ್ತೆ. ಸಣ್ಣ ರೈತನಿಗೆ ಈ ವ್ಯತ್ಯಾಸವೇ ಮುಂದಿನ ಬೆಳೆಯ ಬೀಜದ ದುಡ್ಡು.

ಇನ್ನು ನಮ್ಮ ಜಿಲ್ಲೆಯಲ್ಲಿ ಶೇಂಗಾ, ಮೆಕ್ಕೆಜೋಳ, ಹತ್ತಿ ಮೂರೂ ಬೆಳೀತೀವಿ. ವ್ಯವಸ್ಥೆ ಒಂದೇ ಆದ್ರೂ ಎರಡು ಬೆಳೆಗೆ ಲಾಭ, ಒಂದಕ್ಕೆ ಇಲ್ಲ. ಎಷ್ಟು ಜನ ದರ ಹಾಕ್ತಾರೆ, ಖರೀದಿ ಕೆಲವೇ ವರ್ತಕರ ಕೈಲಿದೆಯಾ, ಮಾಲು ಸಾಗಿಸೋದು ಎಷ್ಟು ಕಷ್ಟ, ಇವೆಲ್ಲ ಬೆಳೆಯಿಂದ ಬೆಳೆಗೆ ಬೇರೆ. ಕಂಪ್ಯೂಟರ್ ತಾನಾಗೇ ರೇಟು ಕೊಡಲ್ಲ, ಪೈಪೋಟಿ ಇದ್ರೆ ಮಾತ್ರ ಕೊಡುತ್ತೆ.

ಅದೇ ಸಂಶೋಧಕರು 2019ರಲ್ಲಿ ರಾಜ್ಯದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ ಎರಡು ಸುತ್ತಿನ ಟೆಂಡರ್ ಪ್ರಯೋಗ ಮಾಡಿಸಿದರು. ಮೊದಲ ಸುತ್ತಿನಲ್ಲಿ ಮೇಲಿನ ದರ ಹಾಕಿದವರಿಗೆ ದರ ಏರಿಸೋಕೆ ಇನ್ನೊಂದು ಅವಕಾಶ. ಬೆಲೆ ಶೇ 4.7 ಹೆಚ್ಚಿತು. ‘ಇನ್ನೊಂದ್ ಸ್ವಲ್ಪ ಹಾಕಣ್ಣ’ ಅಂತ ನಾವು ಬಾಯಲ್ಲಿ ಕೇಳ್ತಿದ್ದದ್ದನ್ನೇ ಇಲ್ಲಿ ಯಂತ್ರ ಕೇಳಿತು.

ಇಂಥ ಬದಲಾವಣೆ ಎಲ್ಲ ಕಡೆ ಬರಲಿ ಅಂತ ಕೇಳೋಣ. ಅಲ್ಲಿವರೆಗೆ ನಮ್ಮ ಕೈಲಿರೋದು ಇವು:

ಒಂದು, ಟೆಂಡರ್‌ಗೆ ಮುಂಚೆಯೇ ಚೌಕಾಸಿ ಮುಗಿಸಿ. ಪರದೆ ಮುಂದೆ ಕೂತ ವರ್ತಕನ ಜೊತೆ ಮಾತಾಡೋದು ನಿಮ್ಮ ಮಾಲು ಮಾತ್ರ. ಚೆನ್ನಾಗಿ ಒಣಗಿಸಿ, ಕಸ-ಮಣ್ಣು ತೆಗೆದು, ಒಳ್ಳೇದು ಕೆಟ್ಟದ್ದು ಬೇರೆ ಬೇರೆ ಲಾಟ್ ಮಾಡಿ. ಗುಣಮಟ್ಟ ಪರೀಕ್ಷೆಯ ಸೌಲಭ್ಯ ಇದ್ರೆ ತೇವಾಂಶ ಅಳೆಸಿ. ಕಣ್ಣಾರೆ ಮಾಲು ನೋಡದ ದೂರದ ವರ್ತಕ ಅನುಮಾನ ಇದ್ರೆ ದರ ಇಳಿಸಿಯೇ ಹಾಕ್ತಾನೆ.

ಎರಡು, ಕನಿಷ್ಠ ದರ ಮನೆಯಲ್ಲೇ ಬರೆದಿಟ್ಕೊಳ್ಳಿ. ಖರ್ಚು, ಬಾಡಿಗೆ, ಹಮಾಲಿ, ಹಿಂದಿನ ದಿನದ ಮಾದರಿ ಬೆಲೆ ಎಲ್ಲಾ ನೋಡಿ. ಟೆಂಡರ್‌ನಲ್ಲಿ ಬಂದ ದರ ಒಪ್ಪಲೇಬೇಕು ಅಂತೇನಿಲ್ಲ, ಬೇಡ ಅನ್ನೋ ಹಕ್ಕು ನಿಮಗಿದೆ. ಟವೆಲ್ ಒಳಗಿನ ನಿಮ್ಮ ಬೆರಳು ಈಗ ಇದೇ. ಆದ್ರೆ ಬೇಡ ಅಂದ ಮೇಲೆ ಕಾಯೋ ಶಕ್ತಿ ಬೇಕು. ಅದಕ್ಕೇ ಉಗ್ರಾಣದಲ್ಲಿಟ್ಟು ಅಡಮಾನ ಸಾಲ ತಗೊಳ್ಳೋ ದಾರಿಯನ್ನ ಮೊದಲೇ ವಿಚಾರಿಸಿಡಿ.

ಮೂರು, ವಾಟ್ಸ್‌ಆ್ಯಪ್‌ನಲ್ಲಿ ನೇರವಾಗಿ ಮಾರುವವರಿಗೆ. ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ ಫೋಟೋ ಹಾಕಿ ಬರೀ ಮೆಸೇಜ್‌ನಲ್ಲೇ ರೇಟು ಎಳೆದಾಡೋದು ನೋಡ್ತೀನಿ. ಇಮೇಲ್ ಚೌಕಾಸಿ ಬಗ್ಗೆ 2002ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಮೊದಲು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಮಾತಾಡಿಕೊಂಡವರಿಗೆ ಒಳ್ಳೆಯ ಒಪ್ಪಂದ ಸಿಕ್ಕಿತ್ತು. ಮೊದಲು ಫೋನ್ ಮಾಡಿ, ಊರು-ಮಳೆ ವಿಚಾರಿಸಿ, ಆಮೇಲೆ ರೇಟು. ಒಪ್ಪಿದ ದರ, ತೂಕ, ಹಣ ಕೊಡೋ ದಿನ ಮೂರನ್ನೂ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಮಾತು ನಂಬಿಕೆಗೆ, ಬರಹ ಲೆಕ್ಕಕ್ಕೆ.

ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕಿವೆ. ದೂರದವರ ಜೊತೆ ವ್ಯಾಪಾರ ನಮ್ಮ ನೆಲಕ್ಕೆ ಹೊಸದಲ್ಲ. ಮುಂದಿನ ಸಲ ಮಂಡಿಗೆ ಹೊರಡೋ ಮುಂಚೆ ಆ ಕನಿಷ್ಠ ದರದ ಚೀಟಿ ಜೇಬಲ್ಲಿರಲಿ.