ಬಿಸಿಗೆ ಸೋಲದ ಬೆಳ್ಳಿ ಕೂಜಾ

ಮುಧೋಳ, ಜಮಖಂಡಿ, ತಿಮ್ಮಾಪುರದ ಕಡೆ ಚಹಾದ್ದೇ ಕಾರುಬಾರು. ಗಟ್ಟಿ ಬೆಳ್ಳಿಯ ಕಾಫಿ ಕೂಜಾ ಇಲ್ಲಿಯದಲ್ಲ, ಬ್ರಿಟಿಷರ ಕಾಲದ ದೊಡ್ಡ ಊರುಗಳ ಸಾಮಾನು. ಬೆಂಗಳೂರಿನ ಬಾರ್ಟನ್, ಮದ್ರಾಸಿನ ಪಿ. ಓರ್ ಅಂಗಡಿಗಳು ಬೆಳ್ಳಿ ಕೆಲಸಕ್ಕೆ ಹೆಸರಾಗಿದ್ದವು. ದೇವರ ಮೂರ್ತಿಗಳನ್ನು ಮೈತುಂಬ ಉಬ್ಬಿಸಿದ ಪಾತ್ರೆಗಳನ್ನು ‘ಸ್ವಾಮಿ’ ಬೆಳ್ಳಿ ಎನ್ನುತ್ತಿದ್ದರು. ಮುದ್ರೆ ಅಂಗಡಿಯದು, ಕೈ ಅಕ್ಕಸಾಲಿಗನದು. ಇಂಥ ಕೂಜಾವನ್ನು ನಮ್ಮೂರ ಅಕ್ಕಸಾಲಿಗರಾದ ಪತ್ತಾರರ ಮುಂದಿಟ್ಟರೆ ಅದರ ಕೆಲಸ ಅವರಿಗೆ ತಿಳಿಯದೆ ಇರದು.

ಅಪ್ಪಟ ಬೆಳ್ಳಿ ಮೆತ್ತಗಿರುತ್ತದೆ. ಅದಕ್ಕೇ ತಾಮ್ರ ಬೆರೆಸುತ್ತಾರೆ. ಸ್ಟರ್ಲಿಂಗ್ ಎಂಬ ಮಿಶ್ರಣದಲ್ಲಿ ಬೆಳ್ಳಿ ಶೇ. 92.5. ತಗಡನ್ನು ಬಡಿದಷ್ಟೂ ಅದರೊಳಗಿನ ಹರಳುಗಳ ಜೋಡಣೆ ಕದಡಿ ಲೋಹ ಬಿರುಸಾಗುತ್ತದೆ, ಬಿಡದೆ ಬಡಿದರೆ ಸೀಳುತ್ತದೆ. ಮಂಕುಗೆಂಪಾಗುವಂತೆ ಕಾಯಿಸಿದರೆ ಹೊಸ ಹರಳುಗಳು ಮೂಡಿ ಮತ್ತೆ ಮೆದುವಾಗುತ್ತದೆ. ಚಪ್ಪಟೆ ತಗಡು ಕೂಜಾದ ಹೊಟ್ಟೆಯಾಗುವುದರೊಳಗೆ ಇದು ಹಲವು ಸಲ ನಡೆಯಬೇಕು. ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ಗೆ, ತಾಮ್ರ ಬೆರೆತದ್ದು ಅದಕ್ಕೂ ಮೊದಲೇ. ಎಲ್ಲಿ ನಿಲ್ಲಿಸಬೇಕೆಂದು ಹೇಳುತ್ತಿದ್ದುದು ಕೆಂಪಿನ ಬಣ್ಣ ಒಂದೇ. ಆಮೇಲೆ ಹೊಟ್ಟೆಯೊಳಗೆ ರಾಳ ತುಂಬಿ, ಉಳಿ ಸುತ್ತಿಗೆಗಳಿಂದ ಮೂರ್ತಿಗಳನ್ನು ತಿದ್ದುವುದು; ಮೂತಿ, ಹಿಡಿಕೆಗಳಿಗೆ ಬಿಳಿಗಾರ ಹಚ್ಚಿ ಬೆಸುಗೆ.

ಶಾಖ ಹರಿಸುವುದರಲ್ಲಿ ಲೋಹಗಳ ಪೈಕಿ ಬೆಳ್ಳಿಯೇ ಮೊದಲು, ಸ್ಟೇನ್‌ಲೆಸ್ ಸ್ಟೀಲಿಗಿಂತ 25 ಪಟ್ಟಿಗೂ ಹೆಚ್ಚು. ಕಾಫಿ ಸುರಿದ ಗಳಿಗೆಗೆ ಮೈಯೆಲ್ಲ ಸುಡುತ್ತದೆ. ಹಾಗಾದರೆ ಕಾಫಿ ಬೇಗ ಆರಬೇಕಲ್ಲ? ಹೊಳಪು ಮೈ ಶಾಖದ ಕಿರಣಗಳನ್ನು ತೀರಾ ಕಡಿಮೆ ಹೊರಬಿಡುವುದರಿಂದ ನಷ್ಟ ತಗ್ಗುತ್ತದೆ. ಉಳಿದದ್ದನ್ನು ಸುತ್ತಲಿನ ಗಾಳಿ ಒಯ್ಯುತ್ತದೆ. ಕೈಗೆ ಮಾತ್ರ ಬೇರೆ ಉಪಾಯ ಬೇಕು. ಹಲವು ಹಳೆಯ ಕೂಜಾಗಳ ಬೆಳ್ಳಿ ಹಿಡಿಕೆಯ ನಡುವೆ ಕಾಣುವ ಆನೆದಂತದ ಸಣ್ಣ ಬಿಲ್ಲೆಗಳು ಅಲಂಕಾರಕ್ಕಲ್ಲ, ಶಾಖವನ್ನು ತಡೆಯಲು.

ಗಾಳಿಯಲ್ಲಿನ ಗಂಧಕದ ಅನಿಲ ತಗುಲಿ ಬೆಳ್ಳಿ ಕಪ್ಪಾಗುತ್ತದೆ. ಪುಡಿ ಹಾಕಿ ಉಜ್ಜಿದರೆ ಆ ಕಪ್ಪಿನ ಜೊತೆ ಬೆಳ್ಳಿಯೂ ಸವೆಯುತ್ತದೆ, ಮೊದಲು ಮೂರ್ತಿಗಳ ಉಬ್ಬಿದ ಮೂಗು, ಕೆನ್ನೆ. ಅಲ್ಯೂಮಿನಿಯಂ ಹಾಳೆ ಹಾಸಿ, ಸೋಡಾ ಪುಡಿ ಕರಗಿಸಿದ ಬಿಸಿ ನೀರಿನಲ್ಲಿ ಹಾಳೆಗೆ ತಾಗುವಂತೆ ಅದ್ದಿದರೆ ಕಪ್ಪು ಪದರ ಮತ್ತೆ ಬೆಳ್ಳಿಯಾಗುತ್ತದೆ. ಆದರೆ ಸ್ವಾಮಿ ಬೆಳ್ಳಿಗೆ ಇದೂ ಬೇಡ. ಗೆರೆಗಳ ತಗ್ಗಿನ ಕಪ್ಪು ಇದ್ದರೇನೇ ಮೂರ್ತಿ ಎದ್ದು ಕಾಣುವುದು. ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು.