ನಿಮ್ಮ ಮುತ್ತಾತನ ಅಪ್ಪನ ಹೆಸರೇನು?

ವೀಕ್ಷಕರೇ, ಇವತ್ತು ರಾಜಕೀಯ ಬೇಡ. ಒಂದು ಸಣ್ಣ ಪ್ರಶ್ನೆ ಕೇಳ್ತೀನಿ. ನಿಮ್ಮ ಅಪ್ಪನ ಹೆಸರು ಗೊತ್ತು, ತಾತನ ಹೆಸರೂ ಗೊತ್ತು. ಮುತ್ತಾತನ ಹೆಸರು? ಕೆಲವರು ಹೇಳ್ತೀರಿ. ಮುತ್ತಾತನ ಅಪ್ಪ ಯಾರು? ನಿಮ್ಮ ಮುತ್ತಜ್ಜಿ ಯಾವ ಊರಿನಿಂದ ಈ ಮನೆಗೆ ಸೊಸೆಯಾಗಿ ಬಂದಳು? ಇಲ್ಲಿಗೆ ಬಂದರೆ ಬಹುತೇಕ ಮನೆಗಳಲ್ಲಿ ಮಾತು ನಿಂತು ಹೋಗುತ್ತೆ.

ಗೊತ್ತಿಲ್ಲದಿದ್ದರೆ ಏನು ನಷ್ಟ ಅಂತ ನೀವು ಕೇಳಬಹುದು. ನಷ್ಟ ಇದೆ. ತುರುವೇಕೆರೆ ಕಡೆಯ ಒಂದು ತೆಂಗಿನ ತೋಟವನ್ನೇ ತಗೊಳ್ಳಿ. ತೋಟ ನೆಟ್ಟದ್ದು ತಾತ, ನೀರು ಕಟ್ಟಿದ್ದು ಅಪ್ಪ, ಕಾಯಿ ಕೀಳಿಸುತ್ತಿರುವುದು ಮಗ. ಪಹಣಿ ಮಾತ್ರ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲೇ ಇದೆ. ಬೆಂಬಲ ಬೆಲೆಗೆ ಉಂಡೆ ಕೊಬ್ಬರಿ ಮಾರೋಣ ಅಂತ ನೋಂದಣಿಗೆ ಹೋದರೆ ಫ್ರೂಟ್ಸ್ ಐ.ಡಿ. ಕೇಳ್ತಾರೆ. ಅದಕ್ಕೆ ಪಹಣಿಯಲ್ಲಿ ನಿಮ್ಮ ಹೆಸರು ಬೇಕು. ಹೆಸರು ಬರಬೇಕಾದರೆ ಪೌತಿ ಖಾತೆ ಆಗಬೇಕು. ಪೌತಿ ಖಾತೆ ಆಗಬೇಕಾದರೆ ವಂಶವೃಕ್ಷ ಬೇಕು. ನೋಡಿ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಿಂದ ಹೊರಟ ದಾರಿ ನೇರವಾಗಿ ನಿಮ್ಮ ಮುತ್ತಾತನ ಹತ್ತಿರ ಹೋಗಿ ನಿಲ್ಲುತ್ತೆ.

ಹಾಗಾದರೆ ಹುಡುಕುವುದು ಹೇಗೆ? ಮೊದಲ ಕಚೇರಿ ನಿಮ್ಮ ಮನೆಯೇ. ಹಳೆಯ ಟ್ರಂಕು ತೆಗೆಯಿರಿ. ಲಗ್ನಪತ್ರಿಕೆಗಳಿದ್ದರೆ ಎಸೆಯಬೇಡಿ. ಒಂದು ಲಗ್ನಪತ್ರಿಕೆಯಲ್ಲಿ ಎರಡು ಮನೆತನ, ಎರಡು ಊರು, ಕನಿಷ್ಠ ಎರಡು ತಲೆಮಾರು ಇರುತ್ತೆ. ಅದಕ್ಕಿಂತ ಒಳ್ಳೆಯದು ಮುಯ್ಯಿ ಪುಸ್ತಕ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಹಾಕಿದರು, ಯಾವ ಊರಿನವರು ಅಂತ ಬರೆದಿಟ್ಟ ಆ ನೋಟ್‌ಬುಕ್ಕು ನಿಮ್ಮ ಬಂಧುಬಳಗದ ಪಟ್ಟಿಯೇ ಹೌದು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಹಿರಿಯರು ಯಾರ ಯಾರ ಹೆಸರು ಹೇಳ್ತಾರೆ ಅಂತ ಬರೆದುಕೊಳ್ಳಿ. ಮನೆದೇವರು ಯಾವುದು ಅಂತ ಕೇಳಿ. ಮನೆದೇವರ ಗುಡಿ ನಿಮ್ಮ ಊರಿಂದ ದೂರ ಇದ್ದರೆ, ನಿಮ್ಮ ಹಿರಿಯರು ಆ ಕಡೆಯಿಂದ ವಲಸೆ ಬಂದಿರುವ ಸಾಧ್ಯತೆ ಇದೆ. ಅದು ಸಾಕ್ಷಿ ಅಲ್ಲ, ಸುಳಿವು.

ಹಿರಿಯರನ್ನು ಮಾತಾಡಿಸುವಾಗ ಇಸವಿ ಕೇಳಬೇಡಿ. ಅವರ ಲೆಕ್ಕ ಬೇರೆ. ‘ಪ್ಲೇಗು ಬಂದಾಗ ಊರು ಬಿಟ್ಟು ಗುಡಿಸಲಲ್ಲಿದ್ವಿ’ ಅಂತಾರೆ. ‘ಧಾತು ಬರದಲ್ಲಿ ಬಂದೋರು ನಾವು’ ಅಂತಾರೆ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. ಧಾತು 1876ರಲ್ಲೂ ಬಂತು, 1936ರಲ್ಲೂ ಬಂತು, 1996ರಲ್ಲೂ ಬಂತು. ಮಾತಾಡುವವರ ವಯಸ್ಸಿಗೆ ಹೊಂದಿಸಿ ನೋಡಿದರೆ ಯಾವುದು ಅಂತ ಗೊತ್ತಾಗುತ್ತೆ. ಬರದ ಧಾತು 1876ರದ್ದು. ಅದು ಈಶ್ವರ ಸಂವತ್ಸರಕ್ಕೂ ಮುಂದುವರಿಯಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನ ಇದ್ದರು. ಹತ್ತು ವರ್ಷ ಬಿಟ್ಟು 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ. ಎಷ್ಟೋ ಮನೆತನಗಳ ನೆನಪು ಐದಾರು ತಲೆಮಾರಿನ ಹಿಂದಕ್ಕೆ ಹೋಗಿ ಥಟ್ಟನೆ ನಿಲ್ಲುವುದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತೆ. ನೆನಪಿಟ್ಟುಕೊಳ್ಳಬೇಕಾದವರೇ ಉಳಿಯಲಿಲ್ಲ.

ಎರಡನೆಯದು, ಹೆಳವರು. ಹೊಸ ತಲೆಮಾರಿಗೆ ಈ ಹೆಸರೇ ಗೊತ್ತಿಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಮುಚ್ಚಿಕೊಂಡು ಊರಿಗೆ ಬರುತ್ತಿದ್ದರು. ಮನೆ ಮುಂದೆ ನಿಂತು ಆ ಮನೆಯ ವಂಶಾವಳಿಯನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಯಾರಿಗೆ ಎಷ್ಟು ಮಕ್ಕಳು, ಯಾರು ಯಾವ ಊರಿಗೆ ಹೋಗಿ ನೆಲೆಸಿದರು, ಎಲ್ಲ. ಮನೆಯವರು ದವಸ ಕೊಡುತ್ತಿದ್ದರು, ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಸೇರಿಸಿ ಅಂತ ಹೇಳುತ್ತಿದ್ದರು. ಇಂತಿಂಥ ಮನೆತನ ಇಂತಿಂಥ ಹೆಳವರಿಗೆ ಅಂತ ಹಂಚಿಕೆ ಇತ್ತು. ಉತ್ತರ ಭಾರತದವರಿಗೆ ಹರಿದ್ವಾರದ ಪಂಡಾಗಳ ವಹಿ ಹೇಗೋ, ನಮ್ಮವರಿಗೆ ಹೆಳವರ ಪುಸ್ತಕ ಹಾಗೆ. ವ್ಯತ್ಯಾಸ ಏನು ಗೊತ್ತಾ? ಪಂಡಾಗಳ ಹತ್ತಿರಕ್ಕೆ ನೀವು ಹೋಗಬೇಕು. ಹೆಳವರು ನಿಮ್ಮ ಮನೆ ಬಾಗಿಲಿಗೇ ಬರುತ್ತಿದ್ದರು. ಇವತ್ತು ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ, ಹಿಡಿಯಲೇಬೇಕು. ಆದರೆ ನಿಮ್ಮ ಊರಿಗೆ ಬರುತ್ತಿದ್ದ ಹೆಳವರ ಮನೆ ಯಾವ ಊರಲ್ಲಿದೆ ಅಂತ ಹಿರಿಯರನ್ನು ಕೇಳಿ. ಹೋಗಿ. ಹೋಗುವಾಗ ಬರಿಗೈಲಿ ಹೋಗಬೇಡಿ, ಅದು ಅವರ ತಲೆತಲಾಂತರದ ದುಡಿಮೆ.

ಮೂರನೆಯದು ಸರ್ಕಾರಿ ದಾಖಲೆ. ಇಲ್ಲಿ ತಾಳ್ಮೆ ಬೇಕು. ನಿಮ್ಮ ಜಮೀನಿನ ಸರ್ವೆ ನಂಬರ್ ಹಿಡಿದುಕೊಂಡು ಹಿಂದಕ್ಕೆ ನಡೆಯಬೇಕು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂತು. ಅದಕ್ಕೂ ಹಿಂದಿನದು ಕೈಬರಹದ ಪಹಣಿ. ಜೊತೆಗೆ ಮ್ಯುಟೇಶನ್ ರಿಜಿಸ್ಟರ್, ಜನರ ಬಾಯಲ್ಲಿ ಎಂ.ಆರ್. ಖಾತೆ ಯಾರಿಂದ ಯಾರಿಗೆ, ಯಾಕೆ ಬದಲಾಯಿತು ಅಂತ ಅದರಲ್ಲಿ ಇರುತ್ತೆ. ಕ್ರಯವೋ, ವಿಭಾಗವೋ, ಪೌತಿಯೋ. ಪೌತಿ ಅಂದರೆ ಸಾವು. ಪೌತಿ ಅಂತ ಬರೆದ ಒಂದು ಸಾಲು ಸಿಕ್ಕಿದರೆ ಒಬ್ಬ ಹಿರಿಯ ಯಾವಾಗ ತೀರಿಕೊಂಡ ಅನ್ನುವ ಅಂದಾಜು, ಅವನ ವಾರಸುದಾರರ ಹೆಸರು ಎರಡೂ ಸಿಕ್ಕ ಹಾಗೆ. ಇನ್ನೂ ಹಿಂದಕ್ಕೆ ಹೋದರೆ ಹಳೇ ಮೈಸೂರಿನ ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್. ನಮ್ಮ ರೈತರು ಐ.ಎಲ್., ಆರ್.ಆರ್. ಅಂತಾರಲ್ಲ, ಅವೇ.

ಆ ಕಾಗದಗಳಲ್ಲಿ ಎರಡು ಪುಟ್ಟ ಪದ ಗಮನಿಸಿ. ‘ರಂಗಯ್ಯ ಬಿನ್ ತಿಮ್ಮಯ್ಯ’ ಅಂದರೆ ತಿಮ್ಮಯ್ಯನ ಮಗ ರಂಗಯ್ಯ. ‘ಲಕ್ಷ್ಮಮ್ಮ ಕೋಂ ರಂಗಯ್ಯ’ ಅಂದರೆ ರಂಗಯ್ಯನ ಹೆಂಡತಿ ಲಕ್ಷ್ಮಮ್ಮ. ಒಂದು ‘ಬಿನ್’ ಸಿಕ್ಕಿದರೆ ಒಂದು ತಲೆಮಾರು ಮೇಲೆ ಹತ್ತಿದಿರಿ. ಆದರೆ ಜೋಪಾನ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಪದ್ಧತಿ. ರಂಗಯ್ಯನ ಮಗ ತಿಮ್ಮಯ್ಯ, ತಿಮ್ಮಯ್ಯನ ಮಗ ಮತ್ತೆ ರಂಗಯ್ಯ. ಎರಡು ರಂಗಯ್ಯರನ್ನು ಒಬ್ಬನೇ ಅಂದುಕೊಂಡರೆ ಎರಡು ತಲೆಮಾರು ಮಾಯ. ಅದಕ್ಕೇ ಸರ್ವೆ ನಂಬರ್, ಇಸವಿ, ಹೆಸರು ಮೂರನ್ನೂ ಒಟ್ಟಿಗೆ ಬರೆದಿಟ್ಟುಕೊಳ್ಳಿ.

ನಿಮ್ಮವರಿಗೆ ಸ್ವಂತ ಜಮೀನೇ ಇರಲಿಲ್ಲವಾ? ನಿರಾಶೆ ಬೇಡ. ಗೇಣಿ ಮಾಡುತ್ತಿದ್ದವರು 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಭೂನ್ಯಾಯ ಮಂಡಳಿಗೆ ಫಾರಂ ನಂಬರ್ 7 ಕೊಟ್ಟರು. ಅದರ ಕಡತದಲ್ಲಿ ಯಾರು ಎಷ್ಟು ಕಾಲದಿಂದ ಉಳುತ್ತಿದ್ದರು ಅನ್ನುವ ಹೇಳಿಕೆ ಇರುತ್ತೆ. ನಿಮ್ಮದು ಇನಾಂ ಗ್ರಾಮವಾಗಿದ್ದರೆ, 1954 ಮತ್ತು 1955ರ ಇನಾಂ ರದ್ದತಿ ಕಾಯ್ದೆಗಳ ಕಡತಗಳನ್ನೂ ಕೇಳಿ. ಇನ್ನು ಶಾಲೆ. ಊರಿನ ಹಳೆಯ ಪ್ರೈಮರಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಡುಗನ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು ಇರುತ್ತೆ. ಜಮೀನಿಲ್ಲದವರ ಮಕ್ಕಳೂ ಅಲ್ಲಿ ಸಿಗ್ತಾರೆ. ಉಪನೋಂದಣಿ ಕಚೇರಿಯಲ್ಲಿ ನೋಂದಾಯಿತ ವಿಭಾಗ ಪತ್ರ ಸಿಕ್ಕಿದರೆ ಅಣ್ಣತಮ್ಮಂದಿರೆಲ್ಲ ಒಂದೇ ಕಡೆ ಸಿಕ್ಕ ಹಾಗೆ.

1963ರ ಫೆಬ್ರವರಿ 1ರವರೆಗೆ ಶಾನುಭೋಗಿಕೆ, ಪಟೇಲಿಕೆ ವಂಶಪಾರಂಪರ್ಯವಾಗಿತ್ತು. ಆ ದಿನ ಅದು ರದ್ದಾಯಿತು. ಲೆಕ್ಕ ತಾಲ್ಲೂಕು ಕಚೇರಿಗೆ ಹೋಯಿತು. ಹೋಗದ ಕಾಗದ ಕೆಲವು ಶಾನುಭೋಗರ ಮನೆಯ ಅಟ್ಟದ ಮೇಲೆ ಇರಬಹುದು. ವಿನಯವಾಗಿ ಕೇಳಿ ನೋಡಿ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ 2024ರಲ್ಲಿ ಶುರುವಾಗಿದೆ. ಒಳ್ಳೆಯ ಕೆಲಸ. ಮುಟ್ಟಿದರೆ ಪುಡಿಯಾಗುವ ಕಾಗದ ಇನ್ನೆಷ್ಟು ದಿನ ಬಾಳೀತು?

ಕಲ್ಲಿನ ಮೇಲೂ ಬರಹ ಇದೆ. ಹಳಗನ್ನಡದಲ್ಲಿ ‘ತುರು’ ಅಂದರೆ ದನ. ದನ ಕಾಯಲು ಹೋರಾಡಿ ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳು ನಮ್ಮ ನಾಡಿನ ಉದ್ದಗಲಕ್ಕೂ ಇವೆ. ತುರುವೇಕೆರೆಯಲ್ಲಿ 13ನೇ ಶತಮಾನದ ಹೊಯ್ಸಳರ ಗುಡಿಗಳಿವೆ. ಬಿ.ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ಅದರಲ್ಲಿ ನಿಮ್ಮ ಊರಿನ ಹೆಸರು ಸಿಗಬಹುದು. ಆದರೆ ಅಲ್ಲಿರುವ ದಂಡನಾಯಕನೇ ನಮ್ಮ ಪೂರ್ವಜ ಅಂತ ಹಾರಬೇಡಿ. ಕಲ್ಲು ಊರಿನ ಚರಿತ್ರೆ ಹೇಳುತ್ತೆ, ನಿಮ್ಮ ಮನೆಯದ್ದಲ್ಲ. ನಡುವಿನ ಒಂದೊಂದು ತಲೆಮಾರಿಗೂ ಆಧಾರ ಬೇಕು.

ಜನಗಣತಿ ಪಟ್ಟಿ ಸಿಗುತ್ತಾ ಅಂತ ಕೇಳಿದರೆ, ಇಲ್ಲ. ಅಮೆರಿಕದಲ್ಲಿ 72 ವರ್ಷಕ್ಕೆ, ಇಂಗ್ಲೆಂಡಿನಲ್ಲಿ 100 ವರ್ಷಕ್ಕೆ ಮನೆಮನೆಯ ಹೆಸರು ಬಹಿರಂಗವಾಗುತ್ತೆ. ನಮ್ಮ 1948ರ ಜನಗಣತಿ ಕಾಯ್ದೆಯಲ್ಲಿ ಅದು ಗೋಪ್ಯ. ಹಾಗಾಗಿ ನಮಗೆ ಪಹಣಿ, ಶಾಲೆ, ಹೆಳವ, ಅಜ್ಜಿ. ಇಷ್ಟೇ ದಾರಿ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಇಷ್ಟೆಲ್ಲ ಹುಡುಕಿ ಬಿಳಿ ಹಾಳೆಯ ಮೇಲೆ ವಂಶವೃಕ್ಷ ಬರೆದಿರಿ. ಅದರಲ್ಲಿ ಹೆಣ್ಣುಮಕ್ಕಳು ಎಲ್ಲಿದ್ದಾರೆ? ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಬರೀತಾರೆ. ‘ಅಕ್ಕ ಮದುವೆಯಾಗಿ ಹೋದ್ಳಲ್ಲ, ಅವಳ ಹೆಸರು ಯಾಕೆ’ ಅಂತಾರೆ. ಯಾಕೆ ಅಂದರೆ ಅದು ಕಾನೂನು. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ, ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು. 2005ರ ಸೆಪ್ಟೆಂಬರ್ 9ರ ತಿದ್ದುಪಡಿ ಮದುವೆಯಾದವರಿಗೂ, ದೇಶಕ್ಕೆಲ್ಲ ಅದನ್ನು ಕೊಟ್ಟಿತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತೆ, ಆ ದಿನ ಅಪ್ಪ ಬದುಕಿರಬೇಕಿಲ್ಲ ಅಂತ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಾಡಕಚೇರಿಗೆ ಕೊಡುವ ವಂಶವೃಕ್ಷ ನೀವು ಪ್ರಮಾಣ ಮಾಡಿ ಹೇಳುವ ಮಾತು. ಅಫಿಡವಿಟ್‌ನಲ್ಲಿ ಗೊತ್ತಿದ್ದೂ ಅಕ್ಕನ ಹೆಸರು ಬಿಟ್ಟರೆ ಅದು ಸುಳ್ಳು ಪ್ರಮಾಣ, ಅಪರಾಧ. ನಾಳೆ ಆಕೆಯ ಮಕ್ಕಳು ಕೋರ್ಟಿಗೆ ಹೋದರೆ ನಿಮ್ಮ ಖಾತೆಯೂ ಅಲ್ಲಾಡುತ್ತೆ.

ಕಾನೂನು ಪಕ್ಕಕ್ಕಿಡಿ. ಚರಿತ್ರೆಯ ಲೆಕ್ಕದಲ್ಲಿ ನೋಡಿ. ಹಳೆಯ ಪಹಣಿಯಲ್ಲಿ ಹೆಣ್ಣಿನ ಹೆಸರು ಬರುವುದೇ ಅಪರೂಪ, ಬಂದರೂ ಬಹುತೇಕ ಗಂಡ ಸತ್ತ ಮೇಲೆ. ನಿಮಗೆ ನಾಲ್ವರು ಮುತ್ತಾತಂದಿರು ಇದ್ದ ಹಾಗೆ ನಾಲ್ವರು ಮುತ್ತಜ್ಜಿಯರೂ ಇದ್ದರು. ಆ ನಾಲ್ವರನ್ನು ಬಿಟ್ಟರೆ ನೀವು ಬರೆದದ್ದು ಅರ್ಧ ಮರ. ಅವರ ಹೆಸರು ಯಾವ ಕಚೇರಿಯಲ್ಲೂ ಸಿಗದೇ ಹೋಗಬಹುದು. ಸಿಗುವುದು ಅತ್ತೆ, ಚಿಕ್ಕಮ್ಮ, ಸೋದರತ್ತೆಯರ ನೆನಪಿನಲ್ಲಿ.

ಅದಕ್ಕೇ ಈ ಕೆಲಸ ಒಬ್ಬರಿಂದ ಆಗಲ್ಲ. ದಾಯಾದಿಗಳ ಹತ್ತಿರ ಒಂದು ಕಾಗದ, ತವರಿನವರ ಹತ್ತಿರ ಒಂದು ಹೆಸರು, ಬೆಂಗಳೂರಿಗೆ ಹೋದವರ ಹತ್ತಿರ ಒಂದು ಫೋಟೊ ಇರುತ್ತೆ. ಆಸ್ತಿ ಕೇಳಲು ಬಂದರು ಅಂತ ಹೆದರಿ ಯಾರೂ ಕಾಗದ ತೋರಿಸಲ್ಲ. ಮೊದಲು ನೀವು ನಿಮ್ಮ ಹತ್ತಿರ ಇರುವುದನ್ನು ತೋರಿಸಿ. ಯಾವ ಹೆಸರು ದಾಖಲೆಯಿಂದ ಬಂತು, ಯಾವುದು ಬಾಯಿಮಾತು ಅಂತ ಪಕ್ಕದಲ್ಲೇ ಗುರುತು ಹಾಕಿ. ಒಂದೊಂದು ಪ್ರತಿ ಎಲ್ಲ ಮನೆಗೂ ಕೊಡಿ, ಕೊಟ್ಟುಹೋದ ಹೆಣ್ಣುಮಕ್ಕಳ ಮನೆಗೂ ಸೇರಿಸಿ.

ಪಹಣಿ ಮುಂದಿನ ವಾರವೂ ಸಿಗುತ್ತೆ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ, ಟಿ.ವಿ. ಆರಿಸಿ ಅವರ ಪಕ್ಕದಲ್ಲಿ ಕೂತ್ಕೊಳ್ಳಿ. ನಿಮ್ಮಮ್ಮನ ಹೆಸರೇನಜ್ಜಿ, ಯಾವೂರು ಅಂತ ಕೇಳಿ. ಪೆನ್ನು ಕೈಯಲ್ಲಿರಲಿ.