ಬ್ಯಾಟರಿ ಸೋರುವುದೆಲ್ಲಿ?

ನಮ್ಮ ಕೃಷ್ಣರಾಜನಗರದ ಕಡೆಯ ಗದ್ದೆ ಬಯಲಿನ ರೈತರನ್ನು ಕೇಳಿ ನೋಡಿ. ಸಂಜೆ ತುಂಬಿದ್ದ ಕಟ್ಟೆ ಬೆಳಗಾಗುವುದರೊಳಗೆ ಬರಿದಾದರೆ, ಅವರು ಮೊದಲು ಎಲ್ಲಿ ಸೋರಿತೆಂದು ಹುಡುಕುತ್ತಾರೆಯೇ ಹೊರತು ಹೊಸ ಕಟ್ಟೆ ಕಟ್ಟಿಸಲು ಹೊರಡುವುದಿಲ್ಲ. ಆದರೆ ವಾಹನದ ಬ್ಯಾಟರಿ ಬರಿದಾದಾಗ ಮಾತ್ರ ನಾವು ನೆಟ್ಟಗೆ ಅಂಗಡಿಗೆ ನಡೆಯುತ್ತೇವೆ. ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೂ ಇದರಿಂದ ಕಲಿತದ್ದನ್ನು ಸಹಪಾಠಿಗಳ ಮುಂದಿಡಬೇಕೆನಿಸಿ ಈ ಲೇಖನವನ್ನು ಬರೆದಿದ್ದೇನೆ.

ನಮ್ಮ ತಂದೆಯವರ ಬಳಿ ಹಳೆಯದೊಂದು ವ್ಯಾನಿದೆ. ಪಿರಿಯಾಪಟ್ಟಣದಿಂದ ಹುಣಸೂರು, ಎಚ್.ಡಿ. ಕೋಟೆಗಳವರೆಗೆ ಬಾಡಿಗೆ ಸಿಕ್ಕ ಕಡೆಗೆಲ್ಲ ಅದು ಓಡಬೇಕು. ನಮ್ಮ ಮನೆ ನಡೆಯುವುದೇ ಅದರಿಂದ. ಹಿಂದಿನ ಮಾಲೀಕರು ಯಾತ್ರೆಗೆ ಹೋದಾಗ ಅದರಲ್ಲೇ ಮಲಗುತ್ತಿದ್ದರಂತೆ. ಅದಕ್ಕಾಗಿ ಹಿಂಭಾಗದಲ್ಲಿ ಒಂದು ಹಲಗೆ, ಅದರ ಕೆಳಗೆ ಮುಚ್ಚಳವಿರುವ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದು ಪುಟ್ಟ ದೀಪ, ಇಷ್ಟನ್ನು ಮಾಡಿಸಿದ್ದರು.

ಕಳೆದ ವರ್ಷ ಈ ವ್ಯಾನು ಎರಡು ದಿನ ನಿಂತರೆ ಸಾಕು, ಮೂರನೆಯ ಬೆಳಗ್ಗೆ ಸೆಲ್ಫ್ ತಿರುಗುತ್ತಿರಲಿಲ್ಲ. ಹೊಸ ಬ್ಯಾಟರಿ ಹಾಕಿಸಿದ್ದಾಯಿತು. ತಿಂಗಳೊಳಗೆ ಮತ್ತೆ ಅದೇ ಕಥೆ. ಬಾಡಿಗೆಗಳು ಬೇರೆಯವರ ಪಾಲಾದವು. ನನ್ನ ತಮ್ಮನಿಗೆ ವ್ಯಾನಿನಲ್ಲಿ ಕುಳಿತು ಹಾಡು ಕೇಳುವ ಅಭ್ಯಾಸ. "ನೀನೇ ಅಲ್ವೇನ್ಲಾ ಲೈಟು ಹಾಕಿ ಬಿಟ್ಟಿದ್ದು?" ಎಂದು ತಂದೆಯವರು ಅವನಿಂದ ಬೀಗದ ಕೈಯನ್ನು ಕಿತ್ತುಕೊಂಡರು. ಅವನು ಇಲ್ಲವೆಂದರೂ ನಂಬಿದವರಿಲ್ಲ. ನಾನೂ ನಂಬಲಿಲ್ಲ.

ಸೀಸ ಮತ್ತು ಆಮ್ಲದ ಈ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದನು. ಇಂದಿನ ವಾಹನದ ಬ್ಯಾಟರಿಯಲ್ಲಿ ತಲಾ 2 ವೋಲ್ಟಿಗಿಂತ ಸ್ವಲ್ಪ ಹೆಚ್ಚಿನ 6 ಕೋಶಗಳಿರುತ್ತವೆ. ಪೂರ್ತಿ ತುಂಬಿದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ; 12ಕ್ಕೆ ಇಳಿದರೆ ಬಹುಪಾಲು ಬರಿದಾಯಿತೆಂದೇ ತಿಳಿಯಬೇಕು. ಹೀಗೆ ಪದೇ ಪದೇ ಬರಿದಾಗಲು ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ನಿಜವಾಗಿಯೇ ಕೆಡುತ್ತದೆ. ಆಗ ನಾವು ಬ್ಯಾಟರಿಯನ್ನು ದೂರುತ್ತೇವೆ. ಸೋರಿಕೆ ಮಾತ್ರ ಹಾಗೆಯೇ ಉಳಿದು ಹೊಸದನ್ನೂ ತಿನ್ನುತ್ತದೆ.

ಎರಡನೆಯ ಸಲ ಬ್ಯಾಟರಿ ಕೊಳ್ಳಲು ಸಾಲದ ಮಾತು ಬಂದಾಗ, ಐ.ಟಿ.ಐ. ಓದಿದ ನಮ್ಮೂರಿನ ಗೆಳೆಯನೊಬ್ಬ ಮಲ್ಟಿಮೀಟರ್ ಹಿಡಿದು ಬಂದನು. ಅವನು ಅನುಸರಿಸಿದ ಕ್ರಮ ಬಹಳ ಸರಳ. ಕೀಲಿ ತೆಗೆದು, ಬಾಗಿಲುಗಳನ್ನೆಲ್ಲ ಮುಚ್ಚಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿದನು. ಮೀಟರನ್ನು 10 ಆಂಪಿಯರಿಗೆ ಇಟ್ಟು, ಬಿಚ್ಚಿದ ತಂತಿಗೂ ಬ್ಯಾಟರಿಗೂ ನಡುವೆ ಜೋಡಿಸಿದನು. ವ್ಯಾನಿನಿಂದ ಹೊರಡುವ ವಿದ್ಯುತ್ತೆಲ್ಲ ಈಗ ಮೀಟರಿನ ಮೂಲಕವೇ ಹಾಯಬೇಕು. ಹೀಗೆ ಜೋಡಿಸಿರುವಾಗ ಸೆಲ್ಫ್ ಹೊಡೆಯಲೇಬಾರದು. ಹೊಡೆದರೆ ಮೀಟರು ಸುಟ್ಟೀತು.

ನಿಂತ ಗಾಡಿಯಲ್ಲಿ 0.05 ಆಂಪಿಯರಿನೊಳಗೆ ಹರಿದರೆ ಚಿಂತೆಯಿಲ್ಲ. ನಮ್ಮದು 0.45 ತೋರಿಸಿತು. ದಿನದ 24 ಗಂಟೆಗೆ ಲೆಕ್ಕ ಹಾಕಿದರೆ ಸುಮಾರು 11 ಆಂಪಿಯರ್-ಗಂಟೆ. ನಮ್ಮ ಬ್ಯಾಟರಿಯ ಒಟ್ಟು ಶಕ್ತಿಯೇ 35. ಮೂರನೆಯ ಬೆಳಗ್ಗೆ ಸೆಲ್ಫ್ ತಿರುಗದಿದ್ದುದರಲ್ಲಿ ಆಶ್ಚರ್ಯವೇನು?

ಆಮೇಲೆ ಒಂದೊಂದೇ ಫ್ಯೂಸನ್ನು ಕಿತ್ತು, ಮೀಟರ್ ನೋಡಿ, ಮತ್ತೆ ಅಲ್ಲಿಯೇ ಕೂರಿಸುತ್ತ ಹೋದೆವು. ಸೋರುವ ಕಾಲುವೆಯನ್ನು ಕಂಡುಹಿಡಿಯಲು ತೂಬುಗಳನ್ನು ಒಂದೊಂದಾಗಿ ಮುಚ್ಚಿ ನೋಡಿದ ಹಾಗೆ. ಹಾರನ್ನಿನ ಫ್ಯೂಸ್ ಕಿತ್ತರೆ 0.45, ವೈಪರಿನದು ಕಿತ್ತರೂ 0.45. ಒಳದೀಪಗಳ ಫ್ಯೂಸ್ ಕಿತ್ತ ಕೂಡಲೇ 0.03ಕ್ಕೆ ಇಳಿಯಿತು! ವ್ಯತ್ಯಾಸ 0.42 ಆಂಪಿಯರ್, 12 ವೋಲ್ಟಿನಲ್ಲಿ ಅದು ಸರಿಯಾಗಿ 5 ವ್ಯಾಟಿನ ಒಂದು ಬಲ್ಬು.

ಆದರೆ ಕಣ್ಣಿಗೆ ಕಾಣುವ ಒಳದೀಪವೊಂದೂ ಉರಿಯುತ್ತಿರಲಿಲ್ಲ. ಉಳಿದದ್ದು ಪೆಟ್ಟಿಗೆಯ ದೀಪ. ಅದು ಮುಚ್ಚಳ ತೆಗೆದಾಗ ಹತ್ತಬೇಕು, ಮುಚ್ಚಿದಾಗ ಆರಬೇಕು. ತೆಗೆದಾಗಲೆಲ್ಲ ಹತ್ತಿಯೇ ಇರುತ್ತಿದ್ದುದರಿಂದ ಅದು ಸರಿಯಾಗಿದೆಯೆಂದೇ ನಾವೆಲ್ಲ ನಂಬಿದ್ದೆವು. ಮುಚ್ಚಿದ ಮೇಲೆ ಆರುತ್ತದೆಯೋ ಇಲ್ಲವೋ ನೋಡಿದವರು ಯಾರು? ಫ್ಯೂಸನ್ನು ಮತ್ತೆ ಕೂರಿಸಿ, ಮುಚ್ಚಳ ಹಾಕಿದಂತೆಯೇ ಹತ್ತು ನಿಮಿಷ ಬಿಟ್ಟೆವು. ತಮ್ಮನು ಥಟ್ಟನೆ ಮುಚ್ಚಳ ತೆಗೆದು ಬಲ್ಬನ್ನು ಮುಟ್ಟಿದವನೇ ಕೈಯನ್ನು ಹಿಂದಕ್ಕೆಳೆದುಕೊಂಡು, "ಸುಡ್ತದೆ ಕಣಣ್ಣೋ!" ಎಂದು ಕೂಗಿದನು.

ಮುಚ್ಚಳದಡಿಯಲ್ಲಿ ಸ್ವಿಚ್ಚನ್ನು ಒತ್ತುತ್ತಿದ್ದ ರಬ್ಬರು ಸವೆದುಹೋಗಿತ್ತು. ಹಳೆಯ ಹವಾಯಿ ಚಪ್ಪಲಿಯ ಒಂದು ಚೂರನ್ನು ಕತ್ತರಿಸಿ ಅಂಟಿಸಿದೆವು. ಮುಚ್ಚಳ ಹಾಕಿದರೆ ಮೀಟರು 0.03ರಲ್ಲಿ ನಿಂತಿತು. ಬ್ಯಾಟರಿಯನ್ನು ಹೊರಗಿಟ್ಟು ಪೂರ್ತಿ ಚಾರ್ಜ್ ಮಾಡಿಸಿದೆವು; ಹೊಸದನ್ನು ಕೊಳ್ಳಲಿಲ್ಲ, ಸಾಲವನ್ನೂ ಮಾಡಲಿಲ್ಲ.

ತಂದೆಯವರು ತಮ್ಮನಿಗೆ ಏನನ್ನೂ ಹೇಳಲಿಲ್ಲ. ಸಂಜೆ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು, "ಹೋಗ್ಲಾ, ಹಾಡು ಕೇಳ್ಕೋ ಹೋಗು" ಎಂದರು. ನಾನು ಮಾತ್ರ ತಲೆ ತಗ್ಗಿಸಿದೆ. ಮೂರು ವರ್ಷ ಕಾಲೇಜಿನಲ್ಲಿ ಓದಿದ ನಾನು ಯಾವ ಪುರಾವೆಯೂ ಇಲ್ಲದೆ ಅವನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿದ್ದೆನಲ್ಲ! ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳುತ್ತಾರೆ. ಆ ಮಾತು ದೀಪಕ್ಕೆ ಹೇಗೋ ಮನುಷ್ಯರಿಗೂ ಹಾಗೆಯೇ.